ಇಲ್ಲ, ಇಲ್ಲ ಎಂದು ತಲೆಯಾಡಿಸುವ ನಾಯಿ

ಮಧ್ಯಾಹ್ನದ ಊಟ ಆಗಿ, ಪಾತ್ರೆ ತೊಳೆದಿಟ್ಟು, ಜಗಲಿಯಲ್ಲಿ ಸ್ವಲ್ಪ ಕಾಲು ಚಾಚಿ ಕೂತಿದ್ದೀರಿ ಎಂದಿಟ್ಟುಕೊಳ್ಳಿ. ಎದುರಿಗೆ ತಣ್ಣನೆಯ ನೆಲದ ಮೇಲೆ ಮನೆಯ ನಾಯಿ ಮಲಗಿದೆ. ಇದ್ದಕ್ಕಿದ್ದಂತೆ ಅದರ ತಲೆ ಮಾತ್ರ ಎಡಕ್ಕೂ ಬಲಕ್ಕೂ ಅಲುಗಾಡತೊಡಗುತ್ತದೆ. ಎರಡನೆಯ ಸಲ ಪಾಯಸ ಬಡಿಸಲು ಬಂದವರಿಗೆ ನಾವು "ಬೇಡ, ಬೇಡ" ಎಂದು ತಲೆಯಾಡಿಸುತ್ತೇವಲ್ಲ, ಹಾಗೆಯೇ. ಆದರೆ ಅದಕ್ಕಿಂತ ವೇಗ ಹೆಚ್ಚು, ಅಲುಗಾಟ ಚಿಕ್ಕದು. ಮೈ ಸುಮ್ಮನಿದೆ. ಕಣ್ಣು ತೆರೆದೇ ಇದೆ, ನಿಮ್ಮನ್ನೇ ನೋಡುತ್ತಿದೆ. ಒಂದೆರಡು ನಿಮಿಷದಲ್ಲಿ ಎಲ್ಲ ನಿಂತು, ನಾಯಿ ಏನೂ ಆಗದ ಹಾಗೆ ಎದ್ದು ಮೈಮುರಿದು ಬಾಲ ಅಲ್ಲಾಡಿಸುತ್ತದೆ.

ನಾಯಿಗೆ ಏನೂ ಆಗಿಲ್ಲ, ಆಗಿದ್ದು ಮನೆಯವರಿಗೆ! ಅಜ್ಜಿ "ಕಣ್ಣು ತಾಗಿದೆ, ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕು" ಎನ್ನುತ್ತಾರೆ. ತೋಟದ ಕೆಲಸಕ್ಕೆ ಬಂದವರು "ಫಿಟ್ಸ್ ಅಕ್ಕ ಇದು, ಬೇಗ ಕಬ್ಬಿಣ ತನ್ನಿ" ಎನ್ನುತ್ತಾರೆ. ಕಂಪೌಂಡಿನ ಆಚೆಯಿಂದ ಪಕ್ಕದ ಮನೆಯವರ ಸ್ವರ ಕೇಳುತ್ತದೆ: "ಇದಕ್ಕೆ ಹುಚ್ಚು ಹಿಡಿಯುವುದಕ್ಕೆ ಶುರು ಮಾರಾಯ್ರೆ. ಮನೆಯಲ್ಲಿ ಮಕ್ಕಳು ಉಂಟಲ್ಲ, ಜಾಗ್ರತೆ!"

ಮೊದಲಿನ ಎರಡು ಮಾತುಗಳಿಂದ ನಾಯಿಗೆ ಹೆಚ್ಚಿನ ತೊಂದರೆಯಿಲ್ಲ. ಮೂರನೆಯದರಿಂದ ಅದರ ಪ್ರಾಣವೇ ಹೋಗಬಹುದು.

ಬಂಟ್ವಾಳದಿಂದ ಸಿದ್ಧಕಟ್ಟೆಯ ದಾರಿಯಾಗಿ ಮೂಡಬಿದಿರೆಗೆ ಹೋಗಿ, ಅಲ್ಲಿಂದ ವೇಣೂರಿನ ಮೇಲೆ ಬೆಳ್ತಂಗಡಿಗೆ ಒಂದು ಸುತ್ತು ಹಾಕಿ ಬನ್ನಿ. ಅಡಿಕೆ ತೋಟದ ನಡುವೆ ದೂರ ದೂರ ಒಂದೊಂದು ಮನೆ. ನಾಯಿಯಿಲ್ಲದ ಮನೆ ಅಪರೂಪ. ನಮ್ಮ ಕಡೆ ನಾಯಿ ಸಾಕುವುದು ಶೋಕಿಗಲ್ಲ. ಅಂಗಳದಲ್ಲಿ ಹರವಿದ ಅಡಿಕೆಗೆ ಕಾವಲು, ಬಾಳೆಗೊನೆಗೆ ಬರುವ ಮಂಗನಿಗೆ ಹೆದರಿಕೆ, ರಾತ್ರಿ ತೋಟಕ್ಕೆ ನುಗ್ಗುವ ಹಂದಿಯ ಸುಳಿವು, ಬಚ್ಚಲಿನ ಮೂಲೆಯಲ್ಲಿ ಹಾವು ಕಂಡರೆ ಮೊದಲ ಬೊಗಳು, ಎಲ್ಲ ಅದರದೇ. ಗಂಡಸರು ಪೇಟೆಗೆ, ಮಕ್ಕಳು ಶಾಲೆಗೆ ಹೋದ ಮೇಲೆ ಇಡೀ ದಿನ ನಮ್ಮ ಜೊತೆಗಿರುವ ಜೀವವೂ ಅದೇ. ಅಂಥದ್ದಕ್ಕೆ "ಹುಚ್ಚು" ಎಂಬ ಹೆಸರು ಒಮ್ಮೆ ಬಿತ್ತೋ, ಸಂಕೋಲೆ ಬಿಗಿದು ಕೊಟ್ಟಿಗೆಯ ಹಿಂದೆ ಕಟ್ಟುವುದು, ಅನ್ನ ದೂರದಿಂದ ಎಸೆಯುವುದು, ಕೊನೆಗೆ ಜೀಪಿನಲ್ಲಿ ಹಾಕಿ ಎಲ್ಲಿಯೋ ಬಿಟ್ಟುಬರುವುದು ಅಥವಾ ಅದಕ್ಕಿಂತ ಕೆಟ್ಟದ್ದು. ಆದ್ದರಿಂದ ಈ ತಲೆಯಾಟ ಏನೆಂದು ಮನೆಯ ಹೆಂಗಸರಿಗೆ ಗೊತ್ತಿರಬೇಕು. ಅದನ್ನು ಮೊದಲು ನೋಡುವವರು ನಾವೇ ತಾನೆ?

ಹೆಸರಿದೆ, ಕಾರಣ ತಿಳಿದಿಲ್ಲ

ಪಶುವೈದ್ಯರು ಇದನ್ನು "ಇಡಿಯೋಪಥಿಕ್ ಹೆಡ್ ಟ್ರೆಮರ್" ಎನ್ನುತ್ತಾರೆ. ಹೆಸರು ಕೇಳಿ ಗಾಬರಿಯಾಗಬೇಡಿ. "ಇಡಿಯೋಪಥಿಕ್" ಎಂದರೆ ಕಾರಣ ನಮಗೂ ಗೊತ್ತಿಲ್ಲ ಎನ್ನುವುದಕ್ಕೆ ವೈದ್ಯರು ಇಟ್ಟುಕೊಂಡ ಮರ್ಯಾದೆಯ ಮಾತು, ಅಷ್ಟೇ. ಕಾರಣ ತಿಳಿಯದ ತಲೆನಡುಕ ಎಂದು ಕರೆದರೆ ಸಾಕು. ಬುಲ್‌ಡಾಗ್, ಬಾಕ್ಸರ್, ಡಾಬರ್‌ಮನ್, ಲ್ಯಾಬ್ರಡಾರ್ ಜಾತಿಗಳಲ್ಲಿ ಹೆಚ್ಚಾಗಿ ಕಾಣುತ್ತದೆ. ಹಾಗೆಂದು ನಮ್ಮ ಕಾಟು ನಾಯಿಗೆ ಬರಬಾರದೆಂದೇನಿಲ್ಲ. ಸಾಮಾನ್ಯವಾಗಿ ಮರಿತನ ಕಳೆದು ಯೌವನಕ್ಕೆ ಬಂದ ನಾಯಿಯಲ್ಲಿ ಶುರು. ಕೆಲವು "ಇಲ್ಲ ಇಲ್ಲ" ಎಂದು ಅಡ್ಡಡ್ಡ ಆಡಿಸುತ್ತವೆ, ಕೆಲವು "ಹೌದು ಹೌದು" ಎಂದು ಮೇಲೆ ಕೆಳಗೆ. ಮಲಗಿದ್ದಾಗ, ಕೂತಿದ್ದಾಗ, ನಿದ್ದೆಗೆ ಜಾರುವ ಹೊತ್ತಿನಲ್ಲಿ ಬರುತ್ತದೆ. ಕೆಲವು ಸೆಕೆಂಡುಗಳಿಂದ ಕೆಲವು ನಿಮಿಷಗಳವರೆಗೆ ಇರುತ್ತದೆ. ಒಂದೇ ದಿನ ನಾಲ್ಕು ಸಲ ಬಂದು, ಆಮೇಲೆ ನಾಲ್ಕು ತಿಂಗಳು ಸುದ್ದಿಯೇ ಇಲ್ಲದಿರುವುದೂ ಉಂಟು. ಎಷ್ಟೋ ನಾಯಿಗಳಲ್ಲಿ ತಾನಾಗಿ ಬಂದದ್ದು ತಾನಾಗಿಯೇ ಹೋಗುತ್ತದೆ. ನೋವಿಲ್ಲ, ಆಯುಷ್ಯಕ್ಕೆ ಕುಂದಿಲ್ಲ.

ಇದು ಫಿಟ್ಸ್ ಹೌದೋ ಅಲ್ಲವೋ ಎಂದು ತಿಳಿಯುವುದು ಹೇಗೆ? ಯಂತ್ರ ಬೇಕಾಗಿಲ್ಲ. ನಾಯಿಯ ಹೆಸರು ಹಿಡಿದು ಕರೆಯಿರಿ. ಅದರ ಮೂಗಿನ ಮುಂದೆ ಒಂದು ತುತ್ತು ಇಡಿ. ಬೆಳಗ್ಗಿನ ದೋಸೆಯ ಚೂರಾಗಲಿ, ಮೀನಿನ ತುಂಡಾಗಲಿ. ಕಾರಣವಿಲ್ಲದ ತಲೆನಡುಕವಾದರೆ ಹೆಸರು ಕೇಳಿ ಕಿವಿ ನಿಮಿರುತ್ತದೆ, ತುತ್ತಿಗೆ ಬಾಯಿ ಹಾಕುತ್ತದೆ; ತಿನ್ನುವಾಗ ನಡುಕ ನಿಂತೇ ಹೋಗುತ್ತದೆ. ತಿಂದಾದ ಮೇಲೆ ಮತ್ತೆ ಸ್ವಲ್ಪ ಹೊತ್ತು ಬಂದರೂ ಬಂತು. ಫಿಟ್ಸ್ ಹಾಗಲ್ಲ. ಆಗ ನಾಯಿ ದೊಪ್ಪನೆ ಬೀಳುತ್ತದೆ, ನಾಲ್ಕು ಕಾಲುಗಳನ್ನು ಈಜುವ ಹಾಗೆ ಬಡಿಯುತ್ತದೆ, ಬಾಯಲ್ಲಿ ನೊರೆ, ಬಿದ್ದಲ್ಲೇ ಮೂತ್ರ. ಎಷ್ಟು ಕರೆದರೂ ಅದಕ್ಕೆ ಕೇಳುವುದಿಲ್ಲ. ನಿಂತ ಮೇಲೂ ಅರ್ಧ ತಾಸು ದಿಕ್ಕು ತಪ್ಪಿದ ಹಾಗೆ ಗೋಡೆಗೆ ಡಿಕ್ಕಿ ಹೊಡೆಯುತ್ತ ತಿರುಗುತ್ತದೆ.

ಒಂದು ಎಚ್ಚರಿಕೆ. ಹುಚ್ಚುನಾಯಿ ರೋಗದ ಲಸಿಕೆ ಹಾಕಿಸದ ನಾಯಿಯಾದರೆ, ಅಥವಾ ಊರಿನ ಗುರುತಿಲ್ಲದ ನಾಯಿಯಾದರೆ, ತುತ್ತನ್ನು ಕೈಯಿಂದ ಕೊಡಬೇಡಿ. ತಟ್ಟೆಯಲ್ಲಿಟ್ಟು ಕೋಲಿನಿಂದ ಮುಂದೆ ತಳ್ಳಿ ದೂರದಿಂದಲೇ ನೋಡಿ.

ಇದೇ ತುತ್ತಿನ ಪರೀಕ್ಷೆ ಇನ್ನೊಂದು ವಿಷಯವನ್ನೂ ಹೇಳುತ್ತದೆ. ಕೆಲವು ನಾಯಿಗಳು ಸುಮ್ಮನಿದ್ದಾಗ ಸರಿಯಾಗಿಯೇ ಇರುತ್ತವೆ. ತಟ್ಟೆಗೆ ಬಾಯಿ ಹಾಕಲು ಹೋದಾಗಲೇ ತಲೆ ನಡುಗಿ, ಮೂಗು ಅನ್ನಕ್ಕೆ ತಾಗದೆ ಅತ್ತಿತ್ತ ಹೋಗುತ್ತದೆ. ನಡಿಗೆಯೂ ಕುಡಿದವರ ಹಾಗೆ. ಅದು ಸಮತೋಲನ ನೋಡಿಕೊಳ್ಳುವ ಕಿರುಮೆದುಳಿನ ತೊಂದರೆ. ನಾವು ಹೇಳುತ್ತಿರುವುದಕ್ಕೆ ಸರಿಯಾಗಿ ಉಲ್ಟಾ. ಅದನ್ನು ಡಾಕ್ಟರರಿಗೆ ತೋರಿಸಲೇಬೇಕು.

ಹುಚ್ಚು ಎನ್ನುವ ಮೊದಲು

ಪಕ್ಕದ ಮನೆಯವರ ಹೆದರಿಕೆ ತಮಾಷೆಯದಲ್ಲ. ಹುಚ್ಚುನಾಯಿ ರೋಗ ಒಮ್ಮೆ ಕಾಣಿಸಿಕೊಂಡರೆ ಮನುಷ್ಯರಿಗೂ ನಾಯಿಗೂ ಉಳಿಗಾಲವಿಲ್ಲ. ಆದರೆ ಅದು ತಲೆಯಾಟದ ರೂಪದಲ್ಲಿ ಬಂದುಹೋಗುವ ರೋಗವೂ ಅಲ್ಲ. ಮೊದಲು ಸ್ವಭಾವ ಬದಲಾಗುತ್ತದೆ: ಆಟವಾಡುತ್ತಿದ್ದ ನಾಯಿ ಕತ್ತಲೆಯ ಮೂಲೆ ಹುಡುಕುತ್ತದೆ, ಅಥವಾ ಕಾರಣವಿಲ್ಲದೆ ಕಲ್ಲು ಕಟ್ಟಿಗೆಯನ್ನೂ ಕಚ್ಚುತ್ತದೆ, ಊರು ಬಿಟ್ಟು ಓಡುತ್ತದೆ. ಬೊಗಳುವ ಸ್ವರ ಒಡೆಯುತ್ತದೆ. ದವಡೆ ಜೋತುಬಿದ್ದು ನುಂಗಲಾಗದೆ ಜೊಲ್ಲು ಸುರಿಯುತ್ತದೆ. ಹಿಂಗಾಲು ಸೋಲುತ್ತದೆ. ಲಕ್ಷಣ ಕಂಡ ಮೇಲೆ ನಾಯಿ ಹತ್ತು ದಿನದೊಳಗೆ ಸಾಯುತ್ತದೆ. ಹಾಗಾದರೆ, ಕಳೆದ ಅಷ್ಟಮಿಗೆ ತಲೆಯಾಡಿಸಿದ್ದ ನಾಯಿ ಈ ದೀಪಾವಳಿಗೂ ತಲೆಯಾಡಿಸಿ, ಮೇಲಿಂದ ಒಂದು ಸೇರು ಅನ್ನ ಉಂಡು ಮಲಗಿದರೆ ಅದಕ್ಕೆ ಹುಚ್ಚು ಹೇಗಾಯಿತು? ಈ ಲೆಕ್ಕವನ್ನು ನೆರೆಮನೆಗೆ ನಿಧಾನವಾಗಿ ಹೇಳಿ, ಕೇಳುತ್ತಾರೆ.

ಲಸಿಕೆಯ ಕಾರ್ಡು ಮನೆಯಲ್ಲಿದ್ದರೆ ಇನ್ನೂ ಬೇಗ ಕೇಳುತ್ತಾರೆ. ಪ್ರತಿವರ್ಷ ಸೆಪ್ಟೆಂಬರ್ ೨೮, ಲೂಯಿ ಪಾಶ್ಚರ್ ತೀರಿಕೊಂಡ ದಿನ, ವಿಶ್ವ ರೇಬೀಸ್ ದಿನ. ಅದರ ಆಸುಪಾಸಿನಲ್ಲಿ ಪಶು ಆಸ್ಪತ್ರೆಗಳಲ್ಲಿ ಉಚಿತ ಲಸಿಕೆಯ ಶಿಬಿರಗಳು ನಡೆಯುತ್ತವೆ. ಯಾವ ನಾಯಿ ಕಚ್ಚಿದರೂ, ಪರಚಿದರೂ, ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ೧೫ ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸುಣ್ಣ, ಅರಿಶಿನ, ಕಾಫಿಪುಡಿ ಯಾವುದೂ ಬೇಡ.

ನಡುಕವೆಲ್ಲ ಒಂದೇ ಅಲ್ಲ

"ಹಾಗಾದರೆ ತಲೆ ಅಲುಗಿದರೆ ಸುಮ್ಮನಿದ್ದುಬಿಡುವುದಾ?" ಎಂದು ಕೇಳಬೇಡಿ. ಅಷ್ಟು ಸಲೀಸಲ್ಲ. ನಮ್ಮ ಕಡೆ ತಲೆ ಅಲುಗಿಸುವ ನಾಯಿಗಳಲ್ಲಿ ಬಹಳಷ್ಟಕ್ಕೆ ಇರುವುದು ಕಿವಿಯ ಕಾಟ. ಜೂನ್ ತಿಂಗಳಿಂದ ನಾಲ್ಕು ತಿಂಗಳು ಒಗೆದ ಬಟ್ಟೆಯೇ ಒಣಗದ ಊರು ನಮ್ಮದು. ಜೋಲುಗಿವಿಯ ಲ್ಯಾಬ್ರಡಾರಿನ ಕಿವಿಯೊಳಗೆ ಗಾಳಿಯಾಡದೆ ಬೂಷ್ಟು ಬೆಳೆಯುವುದರಲ್ಲಿ ಆಶ್ಚರ್ಯವೇನು? ಇದರಲ್ಲಿ ನಾಯಿ ತಾನೇ ಬೇಕೆಂದು ತಲೆಯನ್ನು ಪಟಪಟನೆ ಕೊಡವುತ್ತದೆ, ಕಿವಿಗಳು ಕೆನ್ನೆಗೆ ಬಡಿದು ಸದ್ದಾಗುತ್ತದೆ. ಕಾಲಿನಿಂದ ಕೆರೆಯುತ್ತದೆ, ತಲೆ ಒಂದು ಕಡೆಗೆ ವಾಲಿಸುತ್ತದೆ. ಹತ್ತಿರ ಹೋದರೆ ಹುಳಿ ವಾಸನೆ. ಕಿವಿ ಮಡಚಿ ನೋಡಿದರೆ ಕಪ್ಪು ಕಂದು ಕೊಳೆ, ಕೆಲವೊಮ್ಮೆ ಸಾಲಾಗಿ ಕೂತ ಉಣ್ಣಿ. ಬಿಸಿ ಎಣ್ಣೆ, ಸೀಮೆಎಣ್ಣೆ, ಬೆಳ್ಳುಳ್ಳಿ ರಸ ಹೊಯ್ಯುವ ಕ್ರಮ ಉಂಟಲ್ಲ, ಅದನ್ನು ದಯವಿಟ್ಟು ಬಿಡಿ. ಕಿವಿಯ ತಮಟೆ ಹರಿದಿದ್ದರೆ ಎಣ್ಣೆ ನೇರ ಒಳಗೇ ಇಳಿಯುತ್ತದೆ. ಡಾಕ್ಟರರು ನೋಡಿ ಕೊಟ್ಟ ಹನಿಯೇ ಸರಿ. ಕೊಡವಿ ಕೊಡವಿ ಕಿವಿಯ ಹಾಳೆಯೊಳಗೆ ರಕ್ತ ತುಂಬಿ ಉಬ್ಬುವವರೆಗೆ ಕಾಯಬೇಡಿ.

ಎರಡನೆಯದು ಡಿಸ್ಟೆಂಪರ್. ಇದಕ್ಕೆ ನಾನು ಹುಚ್ಚಿನಷ್ಟೇ ಹೆದರುತ್ತೇನೆ. ಮನುಷ್ಯರಿಗೆ ಅಂಟುವುದಿಲ್ಲ, ಆದರೆ ಮರಿಗಳನ್ನು ಗುಡಿಸಿಕೊಂಡು ಹೋಗುತ್ತದೆ. ಲಸಿಕೆಯಿಲ್ಲದ ಎಳೆಯ ನಾಯಿಗೆ ಮೊದಲು ಜ್ವರ, ಕಣ್ಣು ಮೂಗಿನಲ್ಲಿ ಕೀವಿನಂಥ ಸಿಂಬಳ, ಕೆಮ್ಮು, ಭೇದಿ. ಕೆಲವಕ್ಕೆ ಅಂಗಾಲು ಗಟ್ಟಿಯಾಗುತ್ತದೆ. ಇನ್ನೇನು ಚೇತರಿಸಿತು ಎಂದುಕೊಳ್ಳುವಾಗ, ಕೆಲವು ವಾರ ಕಳೆದು, ತಲೆಯೋ ದವಡೆಯೋ ಒಂದು ಕಾಲೋ ಗಡಿಯಾರದ ಲೋಲಕದ ಹಾಗೆ ಒಂದೇ ತಾಳದಲ್ಲಿ ಮಿಡಿಯತೊಡಗುತ್ತದೆ. ಕರೆದರೂ ನಿಲ್ಲದು, ತಿನ್ನುವಾಗಲೂ ನಿಲ್ಲದು, ನಿದ್ದೆಯಲ್ಲೂ ನಿಲ್ಲದು. ವೈರಸ್ಸನ್ನೇ ಕೊಲ್ಲುವ ಮದ್ದು ಇದಕ್ಕಿಲ್ಲ, ಆರೈಕೆ ಮಾತ್ರ. ತಪ್ಪಿಸಲು ಇರುವುದು ಲಸಿಕೆ: ಆರರಿಂದ ಎಂಟು ವಾರದ ಮರಿಗೆ ಮೊದಲ ಚುಚ್ಚುಮದ್ದು, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರ ತುಂಬುವವರೆಗೆ, ಮತ್ತೆ ವರ್ಷಕ್ಕೆ.

ಮರಿ ಹಾಕಿದ ಹೆಣ್ಣುನಾಯಿ ನಡುಗಿದರೆ ಒಂದು ಗಳಿಗೆಯೂ ತಡಮಾಡಬಾರದು. ಹಸು ಸಾಕಿದವರಿಗೆ ಹಾಲುಜ್ವರ ಗೊತ್ತು: ಕರು ಹಾಕಿದ ಹಸು ಕಿವಿ ತಣ್ಣಗಾಗಿ, ಕತ್ತು ಹೊರಳಿಸಿ ಮಲಗಿಬಿಡುತ್ತದೆ, ಡಾಕ್ಟರರು ಬಂದು ಕ್ಯಾಲ್ಸಿಯಂ ಏರಿಸಿದೊಡನೆ ಎದ್ದು ನಿಲ್ಲುತ್ತದೆ. ನಾಯಿಗೂ ಅದೇ ಕ್ಯಾಲ್ಸಿಯಂ ಕೊರತೆ ಬರುತ್ತದೆ, ಆದರೆ ವೇಷ ಬೇರೆ. ನಾಯಿ ತಣ್ಣಗಾಗುವುದಿಲ್ಲ, ಕಾಯುತ್ತದೆ. ಏದುಸಿರು, ಚಡಪಡಿಕೆ, ಮರದ ಕಾಲಿನಂಥ ಬಿರುಸು ನಡಿಗೆ, ಮೈಯೆಲ್ಲ ನಡುಕ, ಕೊನೆಗೆ ಫಿಟ್ಸ್. ಸಾಮಾನ್ಯವಾಗಿ ಹೆತ್ತ ಮೊದಲ ತಿಂಗಳಲ್ಲಿ, ಅದರಲ್ಲೂ ಚಿಕ್ಕ ಜಾತಿಯ ತಾಯಿಗೆ ಮರಿಗಳು ಹೆಚ್ಚಿದ್ದಾಗ. ಮರಿಗಳನ್ನು ಕೂಡಲೇ ಬೇರೆ ಮಾಡಿ, ಫ್ಯಾನಿನ ಕೆಳಗೆ ಮಲಗಿಸಿ, ಡಾಕ್ಟರರಲ್ಲಿಗೆ ಓಡಿ. ಹಸುವಿಗೆಂದು ಕಪಾಟಿನಲ್ಲಿಟ್ಟ ಕ್ಯಾಲ್ಸಿಯಂ ಬಾಟಲಿಗೆ ಕೈಹಾಕಬೇಡಿ. ನಾಳಕ್ಕೆ ಬೇಗ ಹೋದರೆ ಹೃದಯವೇ ನಿಲ್ಲುತ್ತದೆ. ಇನ್ನೊಂದು ವಿಚಿತ್ರ ನೋಡಿ: ಗಬ್ಬದಲ್ಲಿರುವಾಗಲೇ "ಶಕ್ತಿ ಬರಲಿ" ಎಂದು ಕ್ಯಾಲ್ಸಿಯಂ ಮಾತ್ರೆ ಸುರಿದರೆ ಈ ಕಾಯಿಲೆ ಬರುವ ಸಂಭವ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ಹೊರಗಿನಿಂದ ಸಿಗುತ್ತದೆಂದು ಗೊತ್ತಾದ ಮೈ, ಮೂಳೆಯಿಂದ ತೆಗೆಯುವ ಅಭ್ಯಾಸವನ್ನೇ ಬಿಟ್ಟಿರುತ್ತದೆ.

ಇನ್ನು ತೋಟದ ವಿಷ. ಮಳೆಗಾಲದಲ್ಲಿ ಬಸವನಹುಳುಗಳಿಗೆ ಇಡುವ ಮೆಟಾಲ್ಡಿಹೈಡ್ ಗುಳಿಗೆಗೆ ನಾಯಿಯೂ ಆಸೆಪಡುತ್ತದೆ. ತಿಂದ ಕೆಲವೇ ಗಂಟೆಗಳಲ್ಲಿ ಜೊಲ್ಲು, ಮೈಯೆಲ್ಲ ಅದುರುವಿಕೆ, ಸುಡುವ ಮೈ. ಕೀಟನಾಶಕದ ಡಬ್ಬ ನೆಕ್ಕಿದರೂ ಹೀಗೆಯೇ. ಈ ಔಷಧಿಗಳಲ್ಲಿ ಬಹಳಷ್ಟು ಹೊಡೆಯುವುದು ನರಮಂಡಲಕ್ಕೆ; ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡದ ಸುತ್ತಿನವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಅಲ್ಲಿಯ ಗೇರು ತೋಟಗಳ ಮೇಲೆ ೨೦೦೦ದವರೆಗೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಎಂಥದೆಂದು ಮಕ್ಕಳನ್ನು ಎತ್ತಿಕೊಂಡೇ ತಿರುಗುವ ತಾಯಂದಿರಿಗೆ ಗೊತ್ತು. ಸುಪ್ರೀಂ ಕೋರ್ಟು ಅದನ್ನು ನಿಷೇಧಿಸಲು ೨೦೧೧ ಬರಬೇಕಾಯಿತು. ನಾಯಿ ವಿಷ ತಿಂದಿದೆಯೆಂಬ ಸಂಶಯವಿದ್ದರೆ ಉಪ್ಪುನೀರು, ಲಿಂಬೆರಸ, ಮಜ್ಜಿಗೆ ಯಾವುದನ್ನೂ ಬಾಯಿಗೆ ಹೊಯ್ಯಬೇಡಿ. ನಡುಗುವ ನಾಯಿಗೆ ನುಂಗಲಾಗುವುದಿಲ್ಲ, ಹೊಯ್ದದ್ದು ಶ್ವಾಸಕೋಶಕ್ಕೆ ಹೋಗುತ್ತದೆ. ಗುಳಿಗೆಯ ಪ್ಯಾಕೆಟ್ಟನ್ನು ಕೈಯಲ್ಲಿ ಹಿಡಿದುಕೊಂಡೇ ಆಸ್ಪತ್ರೆಗೆ ಹೋಗಿ.

ಉಣ್ಣಿಯ ಮದ್ದೂ ಇದೇ ಸಾಲಿಗೆ ಸೇರಬೇಕು. ಹಸುವಿಗೆ ತಂದ ಉಣ್ಣಿ ಔಷಧಿಯನ್ನು ಅಂದಾಜಿನಲ್ಲಿ ನೀರಿಗೆ ಬೆರೆಸಿ ನಾಯಿಗೆ ಮೀಯಿಸುವವರಿದ್ದಾರೆ; ಗಟ್ಟಿಯಾದರೆ ನಡುಕ ಖಂಡಿತ. ಈಗ ತಿಂಗಳಿಗೊಂದು ಅಥವಾ ಮೂರು ತಿಂಗಳಿಗೊಂದು ನುಂಗಿಸುವ ಉಣ್ಣಿ ಮಾತ್ರೆಗಳು ಬಂದಿವೆ. ಒಳ್ಳೆಯ ಮದ್ದೇ. ಆದರೆ ಐಸೊಕ್ಸಾಜೋಲಿನ್ ಎಂಬ ಆ ಗುಂಪಿನ ಮಾತ್ರೆಗಳಿಂದ ಕೆಲವು ನಾಯಿಗಳಿಗೆ ನಡುಕ, ಫಿಟ್ಸ್ ಬರಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ೨೦೧೮ರಲ್ಲಿ ಎಚ್ಚರಿಕೆ ಕೊಟ್ಟಿದೆ. ಮೊದಲೇ ತಲೆ ನಡುಗುವ ನಾಯಿಯಾದರೆ ಆ ಮಾತ್ರೆ ಬರೆಯುವ ಮುನ್ನ ಡಾಕ್ಟರರಿಗೆ ತಿಳಿಸಿ.

ಪುಟ್ಟ ಮರಿ ಹಸಿದು ನಡುಗಿದರೆ ಸಕ್ಕರೆ ಇಳಿದಿರಬಹುದು, ಒಸಡಿಗೆ ಸ್ವಲ್ಪ ಜೇನು ಸವರಿ ಹೊರಡಿ. ಮುದಿ ನಾಯಿ ಒಂದು ಬೆಳಗ್ಗೆ ತಲೆ ವಾಲಿಸಿ, ಕಣ್ಣುಗುಡ್ಡೆ ಅತ್ತಿತ್ತ ಓಡಿಸುತ್ತ ಬಿದ್ದರೆ "ಲಕ್ವ" ಎಂದು ಕೈಚೆಲ್ಲಬೇಡಿ. ಒಳಗಿವಿಯ ಸಮತೋಲನ ತಪ್ಪಿದ್ದಾದರೆ ಎರಡು ಮೂರು ವಾರದಲ್ಲಿ ಬಹಳಷ್ಟು ಸರಿಹೋಗುತ್ತದೆ.

ಹಾಲಿನ ಲೆಕ್ಕದ ಪುಸ್ತಕದಲ್ಲಿ ಒಂದು ಪುಟ

ತಲೆನಡುಕದ ದೊಡ್ಡ ಫಜೀತಿ ಏನೆಂದರೆ, ಪಶು ಆಸ್ಪತ್ರೆಯ ಮೆಟ್ಟಿಲು ಹತ್ತಿದೊಡನೆ ಅದು ಮಾಯವಾಗುತ್ತದೆ! ಅಲ್ಲಿ ನಾಯಿ ಕಿವಿ ನೆಟ್ಟಗೆ ಮಾಡಿ ರಾಜನ ಹಾಗೆ ಕೂತಿರುತ್ತದೆ. ನೀವು ನಿಮ್ಮ ತಲೆಯನ್ನೇ ಅಲುಗಿಸಿ ತೋರಿಸಬೇಕಾಗುತ್ತದೆ. ಅದಕ್ಕೆ ಮೊಬೈಲ್ ಫೋನು ಇದೆಯಲ್ಲ. ನಡುಕ ಶುರುವಾದ ಕೂಡಲೇ ಒಬ್ಬರು ವಿಡಿಯೋ ಮಾಡಲಿ, ಇನ್ನೊಬ್ಬರು ಹೆಸರು ಕರೆದು ತುತ್ತು ಕೊಡಲಿ, ಅದೂ ವಿಡಿಯೋದಲ್ಲಿ ಬರಲಿ. ಆ ಒಂದು ನಿಮಿಷ ಡಾಕ್ಟರರಿಗೆ ನಮ್ಮ ಅರ್ಧ ಗಂಟೆಯ ವರ್ಣನೆಗಿಂತ ಉಪಯೋಗಕ್ಕೆ ಬರುತ್ತದೆ.

ಜೊತೆಗೆ, ಹಾಲಿನ ಲೆಕ್ಕ ಬರೆಯುವ ಪುಸ್ತಕದ ಹಿಂದಿನ ಒಂದು ಪುಟ ನಾಯಿಗಿರಲಿ. ತಾರೀಕು, ಹೊತ್ತು, ಎಷ್ಟು ನಿಮಿಷ, ಅಡ್ಡವೋ ಉದ್ದವೋ, ಕರೆದಾಗ ನಿಂತಿತೋ. ಆ ದಿನದ ವಿಶೇಷ: ಬೆದೆಗೆ ಬಂದಿತ್ತೇ, ಉಣ್ಣಿ ಮದ್ದು ಹಾಕಿದ್ದೇ, ಮನೆಯಲ್ಲಿ ನೆಂಟರೇ? ಎರಡು ಮೂರು ತಿಂಗಳಲ್ಲಿ ನಿಮಗೇ ಒಂದು ಅಂದಾಜು ಸಿಗುತ್ತದೆ. ಆಯಾಸ, ಗಾಬರಿ, ಬೇರೆ ಕಾಯಿಲೆ, ಬೆದೆ, ಇವುಗಳ ಬೆನ್ನಿಗೆ ನಡುಕ ಬರುವುದು ಹೆಚ್ಚು. ನಮ್ಮಲ್ಲಂತೂ ಗಾಬರಿಗೆ ಬರವಿಲ್ಲ. ದೀಪಾವಳಿ ಒಂದಾದರೆ, ಆಮೇಲೆ ಕೋಲ, ನೇಮ, ಜಾತ್ರೆ, ಕಂಬಳ, ಎಲ್ಲದಕ್ಕೂ ಗರ್ನಾಲು. ಮನುಷ್ಯರಿಗೇ ಎದೆ ಧಸಕ್ಕೆನ್ನುತ್ತದೆ, ನಾಯಿಯ ಕಿವಿಗೆ ಹೇಗಿರಬೇಡ! ಆ ರಾತ್ರಿ ಅದನ್ನು ಅಂಗಳದಲ್ಲಿ ಕಟ್ಟಿಹಾಕದೆ ಒಳಕೋಣೆಯಲ್ಲಿ, ಹಳೆಯ ಬೆಡ್‌ಶೀಟು ಹಾಸಿ, ನಿಮ್ಮ ಕಣ್ಣಳತೆಯಲ್ಲಿ ಮಲಗಿಸಿ.

ನಡುಕ ಬಂದಾಗ ತಲೆಯನ್ನು ಗಟ್ಟಿಯಾಗಿ ಹಿಡಿಯುವುದು, ನೀರು ಎರಚುವುದು, ಸುತ್ತ ಗುಂಪುಗೂಡಿ ಕಿರಿಚುವುದು ಬೇಡ. ಹಾಗೆಯೇ ಫಿಟ್ಸ್ ಮಾತ್ರೆಯೂ ಬೇಡ. ಮೆಡಿಕಲ್ ಶಾಪಿನಲ್ಲಿ ಯಾರೋ ಹೇಳಿದರೆಂದೋ, ಮನೆಯಲ್ಲಿ ಯಾರಿಗೋ ತಂದದ್ದು ಉಳಿದಿದೆಯೆಂದೋ ಕೊಡುವವರುಂಟು. ಈ ನಡುಕಕ್ಕೆ ಆ ಮಾತ್ರೆ ಸಾಮಾನ್ಯವಾಗಿ ನಾಟುವುದೇ ಇಲ್ಲ; ನಾಯಿ ತೂಕಡಿಸುತ್ತದೆ, ಯಕೃತ್ತಿಗೆ ಭಾರ, ನಡುಕ ಇದ್ದಲ್ಲೇ ಇರುತ್ತದೆ. ಆದರೆ ನಿಜವಾದ ಫಿಟ್ಸ್ ಎಂದು ಡಾಕ್ಟರರೇ ಶುರುಮಾಡಿದ ಮಾತ್ರೆಯನ್ನು ಈ ಲೇಖನ ಓದಿ ಥಟ್ಟನೆ ನಿಲ್ಲಿಸಬೇಡಿ, ಅದು ಅಪಾಯ.

ಹೊತ್ತುಹೊತ್ತಿಗೆ ಊಟ ಮುಖ್ಯ. ಬಾಯಿಗಿಡಲು ಸಿದ್ಧ ತುತ್ತು ಬೇಕೆಂದವರು ಹೀಗೆ ಮಾಡಿ: ಒಂದು ಹಿಡಿ ಮೆತ್ತಗೆ ಬೇಯಿಸಿದ ಕುಚ್ಚಲಕ್ಕಿ ಅನ್ನ, ಬೇಯಿಸಿದ ಒಂದು ಮೊಟ್ಟೆ ಅಥವಾ ಮುಳ್ಳು ತೆಗೆದ ಅಷ್ಟೇ ಬೂತಾಯಿ, ಬೆಂದ ಸಿಹಿಗುಂಬಳದ ಎರಡು ಹೋಳು. ಮೂರನ್ನೂ ಕೈಯಲ್ಲಿ ಹಿಸುಕಿ ನೆಲ್ಲಿಕಾಯಿ ಗಾತ್ರದ ಉಂಡೆ ಕಟ್ಟಿ. ಉಪ್ಪು, ಖಾರ ಬೇಡ. ನೀರುಳ್ಳಿ, ಬೆಳ್ಳುಳ್ಳಿ ಸರ್ವಥಾ ಬೇಡ, ಅವು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ನಿನ್ನೆಯ ಸಾಂಬಾರು ಅನ್ನ ಕಲಸಿ ಹಾಕುವವರೂ ಇದನ್ನು ನೆನಪಿಡಿ. ಫ್ರಿಜ್ಜಿನಲ್ಲಿ ಎರಡು ದಿನ ಇರುತ್ತದೆ. ಮನೆಯಲ್ಲಿ ಮೀನು ಮೊಟ್ಟೆ ಇಲ್ಲದವರು ನೀರು ಹಿಂಡಿದ ಗಟ್ಟಿ ಮೊಸರು ಬೆರೆಸಬಹುದು.

ನಡುಕ ಹತ್ತು ನಿಮಿಷ ದಾಟಿದರೆ, ದಿನಕ್ಕೆ ಹಲವು ಸಲ ಬರತೊಡಗಿದರೆ, ತಲೆಯಿಂದ ಮೈಗೆ ಇಳಿದರೆ, ನಾಯಿ ಬಿದ್ದರೆ, ಊಟ ಬಿಟ್ಟರೆ ಡಾಕ್ಟರರನ್ನು ಕಾಣಿ. ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಮೂರೂ ಕಡೆ ಸರಕಾರಿ ಪಶು ಆಸ್ಪತ್ರೆ ಇದೆ. ಹಸು, ಎಮ್ಮೆಗಳ ನಡುವೆ ನಾಯಿಯನ್ನು ಒಯ್ಯಲು ಸಂಕೋಚಪಡಬೇಡಿ, ವಿಡಿಯೋ ಮತ್ತು ಆ ಪುಟವನ್ನು ಮರೆಯದೆ ಒಯ್ಯಿರಿ.

ಕೊನೆಯಲ್ಲಿ ಒಂದು ಮಾತು, ಮರಿ ಕೇಳಲು ಬರುವವರ ವಿಷಯ. ಕೆಲವು ಜಾತಿಗಳಲ್ಲಿ ಈ ನಡುಕ ವಂಶದಲ್ಲಿ ಹರಿದುಬರುತ್ತದೆಂಬ ಸಂಶಯ ವೈದ್ಯರಿಗಿದೆ. ಡಾಬರ್‌ಮನ್ನೋ ಬಾಕ್ಸರೋ ಆಗಿದ್ದು ತಲೆ ನಡುಗುತ್ತಿದ್ದರೆ ಅದರಿಂದ ಮರಿ ಮಾಡಿಸದಿರುವುದೇ ಲೇಸು. ಮರಿ ಆಗಿಹೋಗಿದ್ದರೆ, ಒಯ್ಯುವವರಿಗೆ ವಿಡಿಯೋ ತೋರಿಸಿಯೇ ಕೊಡಿ. ಮೂರು ವರ್ಷದ ಮೇಲೆ ಆ ಮನೆಯ ಜಗಲಿಯಲ್ಲಿ ಅದು "ಇಲ್ಲ, ಇಲ್ಲ" ಎಂದಾಗ ಅವರು ಕೋಲು ಹುಡುಕದೆ ದೋಸೆಯ ಚೂರು ಹುಡುಕುತ್ತಾರೆ.